ಆಲಿಕಲ್ಲು ಮಳೆಗೆ ಮುಂಚೆ: ಮಾಪಕ, ಚರಂಡಿ, ಕೊಂಬೆ. ಬಡಾವಣೆಯ ಗುಂಪಿನ ಚರ್ಚೆ

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಅಶ್ವಿನಿ ಮಳೆ ನಡೀತಿದೆ, ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತೆ. ಮೈಸೂರಲ್ಲಿ ಗಾಳಿ, ಗುಡುಗು, ಆಲಿಕಲ್ಲು ಒಟ್ಟಿಗೆ ಬರೋ ಕಾಲ ಇದೇ. ನಮ್ಮ ತೊಂದರೆ ಮೂರು: 3ನೇ ಕ್ರಾಸ್ ತಗ್ಗಿನಲ್ಲಿ ನೀರು ನಿಲ್ಲೋದು, ಪಾರ್ಕ್ ಪಕ್ಕದ ಕೊಂಬೆಗಳು ತಂತಿ ಮೇಲೆ ಬೀಳೋದು, ತಾರಸಿ ನೀರು ಮೆಟ್ಟಿಲಿಂದ ಮನೆಯೊಳಗೆ ಇಳಿಯೋದು. ನಮ್ಮ ದೂರುಗಳಲ್ಲೆಲ್ಲ "ಭಾರೀ ಮಳೆಯಿಂದ" ಅಂತ ಬರೆದಿರ್ತೀವಿ. ಎಷ್ಟು ಮಿಲಿಮೀಟರ್, ಎಷ್ಟು ನಿಮಿಷದಲ್ಲಿ, ಎಷ್ಟು ದಪ್ಪದ ಕಲ್ಲು, ಯಾವುದೂ ಇರಲ್ಲ. ಈ ಸಲ ಅಳತೆ ಸಮೇತ ಕೊಡೋಣ. ಹೇಗೆ ಅಂತ ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

4ನೇ ಕ್ರಾಸ್, ಮಳೆ ಲೆಕ್ಕ ಇಡುವವರು:
ಮೊದಲು "ಭಾರೀ" ಅನ್ನೋದನ್ನ ದೂರಿನಿಂದ ತೆಗೀರಿ. ಹವಾಮಾನ ಇಲಾಖೆಯ ಪ್ರಕಾರ ಭಾರೀ ಮಳೆ ಅಂದ್ರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ನಮ್ಮಲ್ಲಿ ಅರ್ಧ ಗಂಟೆಯಲ್ಲಿ 35 ಮಿ.ಮೀ. ಸುರಿದು ನಿಂತರೆ ಅದು ಆ ಪಟ್ಟಿಯಲ್ಲಿ ಸಾಧಾರಣ ಮಳೆ. ಆದ್ರೆ 3ನೇ ಕ್ರಾಸ್ ಮುಳುಗೋಕೆ ಅಷ್ಟೇ ಸಾಕು. ಚರಂಡಿಗೆ ದಿನದ ಮೊತ್ತ ಗೊತ್ತಾಗಲ್ಲ, ನಿಮಿಷದ ರಭಸ ಗೊತ್ತಾಗುತ್ತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸೋದು ಇದಕ್ಕೇ. ನಾವೂ 15 ನಿಮಿಷದ ಲೆಕ್ಕವನ್ನೇ ಬರೆಯೋಣ.

ಮಾಪಕ ಮನೆಯಲ್ಲೇ ಆಗುತ್ತೆ. 110 ಮಿ.ಮೀ. ಪಿವಿಸಿ ಪೈಪಿನ 10 ಸೆಂ.ಮೀ. ತುಂಡು, ಅದರೊಳಗೆ ಕೂರುವ ಲಾಳಿಕೆ, ಕೆಳಗೆ 2 ಲೀಟರ್ ಬಾಟಲಿ. ಬರೀ ಲಾಳಿಕೆ ಇಟ್ಟರೆ ಹನಿ ಸಿಡಿದು ಹೊರಗೆ ಹೋಗುತ್ತೆ, ಆಲಿಕಲ್ಲಂತೂ ಪುಟಿದೇ ಹೋಗುತ್ತೆ. ನೆಟ್ಟಗಿರೋ ಪೈಪಿನ ಗೋಡೆ ಬೇಕಾಗೋದು ಅದಕ್ಕೆ. ಪೈಪಿನ ಒಳವ್ಯಾಸ ಅಳೀರಿ. 104 ಮಿ.ಮೀ. ಬಂದರೆ ಬಾಯಿಯ ವಿಸ್ತೀರ್ಣ ಸುಮಾರು 85 ಚದರ ಸೆಂ.ಮೀ., ಅಂದ್ರೆ ಪ್ರತಿ 8.5 ಮಿ.ಲೀ. ನೀರು 1 ಮಿ.ಮೀ. ಮಳೆ. ಪೈಪಿನ ಮೇಲೆ ಬರೆದಿರೋ 110ನ್ನೇ ಹಿಡಿದರೆ ಮಳೆ ಶೇ. 10ರಷ್ಟು ಕಡಿಮೆ ತೋರುತ್ತೆ. ಅಳೆಯೋಕೆ ಔಷಧಿ ಅಂಗಡಿಯ 50 ಮಿ.ಲೀ. ಸಿರಿಂಜ್ ಸಾಕು.

ಜಾಗ: ಮರ ಅಥವಾ ಗೋಡೆ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ದೂರ. ನೆಲದ ಮೇಲಾದರೆ ಬಾಯಿ 30 ಸೆಂ.ಮೀ. ಎತ್ತರದಲ್ಲಿರಲಿ. ತಾರಸಿ ಬಿಟ್ಟು ಬೇರೆ ಜಾಗ ಇಲ್ಲದಿದ್ದರೆ ನಟ್ಟನಡುವೆ ಇಡಿ. ಪ್ಯಾರಪೆಟ್ ಹತ್ತಿರ ಗಾಳಿ ಸುತ್ತಿ ಮೇಲೇಳುತ್ತೆ, ಹನಿ ಮಾಪಕ ದಾಟಿ ಹೋಗುತ್ತೆ. ದಿನದ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ. ಇಲಾಖೆಯ ದಿನವೂ ಅದೇ, ಹೋಲಿಸೋಕೆ ಸುಲಭ.

1ನೇ ಕ್ರಾಸ್:
ಮಾಪಕದಲ್ಲಿ ಆಲಿಕಲ್ಲು ತುಂಬಿಕೊಂಡರೆ? ತೆಗೆದು ಹಾಕಬೇಕಾ?

4ನೇ ಕ್ರಾಸ್, ಮಳೆ ಲೆಕ್ಕ ಇಡುವವರು:
ತೆಗೀಬೇಡಿ, ಅದೂ ಮಳೆಯ ಲೆಕ್ಕಕ್ಕೇ ಸೇರಬೇಕು. ಸಿರಿಂಜಿನಲ್ಲಿ 100 ಮಿ.ಲೀ. ಬೆಚ್ಚಗಿನ ನೀರು ಅಳೆದು ಸುರೀರಿ, ಕರಗಿದ ಮೇಲೆ ಒಟ್ಟು ನೀರಲ್ಲಿ 100 ಕಳೀರಿ. ಹಿಮ ಬೀಳೋ ದೇಶಗಳಲ್ಲೂ ಹೀಗೇ ಕರಗಿಸಿ ಅಳೀತಾರೆ. ಅಲ್ಲಿ ಬಿಳಿ ಬಣ್ಣ ಬಳಿದ ಹಲಗೆ ಮೇಲೆ ಹಿಮದ ದಪ್ಪ ನೋಡಿ, ಆಮೇಲೆ ಕರಗಿಸಿ ನೀರು ನೋಡ್ತಾರೆ. ಸಾಮಾನ್ಯವಾಗಿ 10 ಮಿ.ಮೀ. ಹಿಮಕ್ಕೆ ಹತ್ತಿರ ಹತ್ತಿರ 1 ಮಿ.ಮೀ. ನೀರು. ಇನ್ನು ಮಾಪಕ ನಮ್ಮ ಬೀದಿಯಲ್ಲೇ ಯಾಕೆ ಬೇಕು ಅಂದ್ರೆ: 1997ರ ಜುಲೈನಲ್ಲಿ ಅಮೆರಿಕದ ಕೊಲರಾಡೊದ ಫೋರ್ಟ್ ಕಾಲಿನ್ಸ್ ಊರು ಪ್ರವಾಹಕ್ಕೆ ಸಿಕ್ಕಿತು. ಊರಿನ ಪಶ್ಚಿಮಕ್ಕೆ 250 ಮಿ.ಮೀ. ಮೀರಿ ಸುರಿದಿತ್ತು, ಪೂರ್ವಕ್ಕೆ ಅದರ ಸಣ್ಣ ಪಾಲು. ಒಂದೇ ಊರಲ್ಲಿ ಇಷ್ಟು ವ್ಯತ್ಯಾಸ ಕಂಡ ಮೇಲೆ 1998ರಲ್ಲಿ ಮನೆಮನೆಯವರೇ ಮಳೆ, ಹಿಮ, ಆಲಿಕಲ್ಲು ಅಳೆಯೋ ಕೊಕೊರಾಸ್ ಜಾಲ ಅಲ್ಲಿ ಶುರುವಾಯ್ತು. ನಮ್ಮ ಬೇಸಿಗೆ ಮಳೆಯೂ ಅಷ್ಟೇ: ಕುವೆಂಪುನಗರ ತೋಯ್ದಿರುತ್ತೆ, ಹೆಬ್ಬಾಳದಲ್ಲಿ ಧೂಳು ಹಾರ್ತಿರುತ್ತೆ. ಮಂಡಕಳ್ಳಿ ವಿಮಾನ ನಿಲ್ದಾಣದ ಲೆಕ್ಕ ನೋಡಿ ನಮ್ಮ ಬೀದಿ ಬಗ್ಗೆ ಹೇಳೋಕಾಗಲ್ಲ.

ಪಾರ್ಕ್ ಎದುರಿನ ಮನೆ:
ಆಲಿಕಲ್ಲಿಗೆ ಪ್ರತ್ಯೇಕ ಹಲಗೆ ಬೇಕು. ಆ ಜಾಲದವರು ಬಳಸೋದು ಇದನ್ನೇ: 30 × 30 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆ, ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಬಿಗಿಯಾಗಿ ಸುತ್ತಿದ್ದು. ಟಿವಿ ಡಬ್ಬದಲ್ಲಿ ಬರೋ ಕಾಳುಕಾಳಿನ ಥರ್ಮಾಕೋಲ್ ಬೇಡ, ಅದು ಉದುರುತ್ತೆ, ಕುಳಿ ಸ್ಪಷ್ಟವಾಗಿ ಬೀಳಲ್ಲ. ಕಟ್ಟಡದ ಶಾಖ ತಡೆಗೆ ಹಾಕೋ ಎಕ್ಸ್‌ಪಿಎಸ್ ಹಲಗೆ ತಗೊಳ್ಳಿ. ನಾಲ್ಕೂ ಕಡೆ ಇಟ್ಟಿಗೆ ಒತ್ತಿಡಿ, ಇಲ್ಲದಿದ್ರೆ ಮೊದಲ ಗಾಳಿಗೇ ಹಾರುತ್ತೆ. ಬೆನ್ನಿಗೆ ಉತ್ತರ ದಿಕ್ಕಿನ ಬಾಣ, ತಾರೀಖು, ಕಲ್ಲು ಶುರುವಾದ ಮತ್ತು ನಿಂತ ಸಮಯ ಬರೀರಿ. ಹನಿಗೆ ಹಾಳೆ ಕುಳಿ ಬೀಳಲ್ಲ, ಕಲ್ಲಿಗೆ ಬೀಳುತ್ತೆ. ಕುಳಿ ಉದ್ದುದ್ದವಾಗಿದ್ದರೆ ಕಲ್ಲು ಗಾಳಿಗೆ ಓರೆಯಾಗಿ ಬಂದಿದೆ ಅಂತ. ಯಾವ ದಿಕ್ಕಿನ ಗಾಜು ಒಡೀತು ಅನ್ನೋದಕ್ಕೂ ಅದಕ್ಕೂ ತಾಳೆ ನೋಡಬಹುದು. ಒಮ್ಮೆ ಕುಳಿ ಬಿದ್ದ ಹಲಗೆಯನ್ನ ಮತ್ತೆ ಇಡಬೇಡಿ.

ಗಾತ್ರ ಹೇಳುವಾಗ "ನಿಂಬೆಹಣ್ಣಿನಷ್ಟು" ಬೇಡ. ದೊಡ್ಡದನ್ನ ಆರಿಸಿ, ಅತಿ ಉದ್ದದ ವ್ಯಾಸವನ್ನ ಮಿ.ಮೀ.ನಲ್ಲಿ ಅಳೆದು, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೀರಿ. ತಕ್ಷಣ ಆಗದಿದ್ದರೆ ಜಿಪ್ ಕವರಲ್ಲಿ ಹಾಕಿ ಫ್ರೀಜರಿಗೆ. ಅಳತೆ ಸರಿಯೇ ಅಂತ ತೂಕದಿಂದ ನೋಡಿ: 20 ಮಿ.ಮೀ. ಗುಂಡನೆ ಕಲ್ಲು ಹೆಚ್ಚೂಕಡಿಮೆ 4 ಗ್ರಾಂ, 10 ಮಿ.ಮೀ.ದು ಅರ್ಧ ಗ್ರಾಂ. ವ್ಯಾಸ ಎರಡರಷ್ಟಾದ್ರೆ ತೂಕ ಎಂಟರಷ್ಟು, ಹಾನಿ ಒಮ್ಮೆಲೇ ಏರೋದು ಅದಕ್ಕೇ.

ಕಲ್ಲು ಆರಿಸೋಕೆ ಮಳೆ ನಡುವೆ ಯಾರೂ ಹೊರಗೆ ಹೋಗಬಾರದು, ಮಕ್ಕಳನ್ನಂತೂ ಬಿಡಲೇಬೇಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ತಾರಸಿಗೆ ಹತ್ತಿ. ಸಿಡಿಲಿನ ಎಚ್ಚರಿಕೆ ಕೊಡೋ ದಾಮಿನಿ ಆ್ಯಪ್ ಎಲ್ಲರ ಫೋನಲ್ಲೂ ಇರಲಿ.

5ನೇ ಕ್ರಾಸ್, ಸಿವಿಲ್:
ತಾರಸಿ ವಿಷಯ. 30 × 40 ಸೈಟು ಅಂದ್ರೆ ಸುಮಾರು 111 ಚದರ ಮೀಟರ್. ಗಂಟೆಗೆ 60 ಮಿ.ಮೀ. ರಭಸದಲ್ಲಿ ಸುರಿದರೆ ಅಷ್ಟು ಜಾಗದಿಂದ ಸೆಕೆಂಡಿಗೆ ಸುಮಾರು 1.85 ಲೀಟರ್ ನೀರು ಬರುತ್ತೆ. ನೂರು ಸೈಟಿಗೆ 185 ಲೀಟರ್, ರಸ್ತೆ ನೀರು ಬೇರೆ. ಅದಷ್ಟೂ 3ನೇ ಕ್ರಾಸ್ ಮೋರಿಗೇ ಹೋಗ್ಬೇಕು. ಆಲಿಕಲ್ಲು ಮಳೆಯಲ್ಲಿ ಇನ್ನೊಂದು ಸಮಸ್ಯೆ: ಕಲ್ಲು ಹೊಡೆತಕ್ಕೆ ಎಲೆಗಳು ಉದುರಿ, ಎಲೆ ಮತ್ತು ಕಲ್ಲು ಸೇರಿ ಜಾಲರಿ ಮೇಲೆ ಹಾಸಿಕೊಳ್ಳುತ್ತೆ. ಚಪ್ಪಟೆ ಜಾಲರಿ ಪೂರ್ತಿ ಮುಚ್ಚುತ್ತೆ. ತಾರಸಿಯಲ್ಲಿ 5 ಸೆಂ.ಮೀ. ನೀರು ನಿಂತರೇ ಐದೂವರೆ ಟನ್ ಭಾರ. ಚಪ್ಪಟೆ ಜಾಲರಿ ತೆಗೆದು ಗುಮ್ಮಟದ ಆಕಾರದ್ದು ಹಾಕಿಸಿ, ಬುಡ ಮುಚ್ಚಿದರೂ ಮೇಲ್ಗಡೆಯಿಂದ ನೀರು ಇಳಿಯುತ್ತೆ. ಜೊತೆಗೆ ಪ್ಯಾರಪೆಟ್‌ನಲ್ಲಿ ತಾರಸಿ ಮಟ್ಟದಿಂದ 5 ಸೆಂ.ಮೀ. ಮೇಲೆ ಒಂದು ತೂಬು ಕೊರೆಸಿ.

ದಯವಿಟ್ಟು ತಾರಸಿ ಪೈಪನ್ನು ಒಳಚರಂಡಿ ಚೇಂಬರಿಗೆ ಸೇರಿಸಬೇಡಿ. ಮಳೆಗೆ ಚೇಂಬರ್ ಉಕ್ಕಿ ತಗ್ಗಿನ ಮನೆಗಳ ಬಚ್ಚಲಲ್ಲಿ ಕೊಳಚೆ ಮೇಲೆ ಬರೋದಕ್ಕೆ ಇದೂ ಒಂದು ಕಾರಣ. ಇಂಗುಗುಂಡಿಗೆ ಅಥವಾ ಮಳೆನೀರು ಚರಂಡಿಗೆ ಬಿಡಿ.

2ನೇ ಕ್ರಾಸ್:
ಸೋಲಾರ್ ಗಾಜಿನ ಕೊಳವೆ ಒಡೆದರೆ ಟ್ಯಾಂಕಿನ ಬಿಸಿನೀರೆಲ್ಲ ತಾರಸಿಗೆ ಸುರಿಯುತ್ತೆ, ತಕ್ಷಣ ಹತ್ತಿರ ಹೋಗಬೇಡಿ. ಮೊದಲು ಟ್ಯಾಂಕಿಗೆ ಬರೋ ತಣ್ಣೀರಿನ ವಾಲ್ವ್ ಮುಚ್ಚಿ. ಬಿಸಿಲಲ್ಲಿ ಖಾಲಿ ನಿಂತ ಕೊಳವೆಗೆ ತಣ್ಣೀರು ಬಿಟ್ಟರೆ ಉಳಿದವೂ ಸೀಳುತ್ತವೆ. ವಿದ್ಯುತ್ ಪ್ಯಾನೆಲ್‌ಗಳು ಗಟ್ಟಿ. ಪ್ಯಾನೆಲ್‌ಗಳಿಗಿರೋ ಐಇಸಿ 61215 ಅನ್ನೋ ಅಂತರರಾಷ್ಟ್ರೀಯ ಗುಣಮಟ್ಟದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 25 ಮಿ.ಮೀ. ಮಂಜುಗಡ್ಡೆ ಗುಂಡನ್ನ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ನೋಡಿರ್ತಾರೆ. ವಿಮೆ ಕೇಳೋರಿಗೆ ಕಲ್ಲಿನ ಮಿ.ಮೀ. ಲೆಕ್ಕ ಇಲ್ಲೂ ಬೇಕಾಗುತ್ತೆ.

ಪಾರ್ಕ್ ಎದುರಿನ ಮನೆ:
ಮರಗಳು. ಗುಲ್‌ಮೊಹರ್ ಮತ್ತು ಮಳೆಮರದ ಚಾಚಿದ ಕೊಂಬೆಗಳೇ ಹೆಚ್ಚು ಮುರಿಯೋದು. ಇಡೀ ತಲೆ ಬೋಳಿಸಿ ಅಂತ ಅರ್ಜಿ ಬರೀಬೇಡಿ. ಬೋಳಿಸಿದ ಕಡೆ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ, ಎರಡು ಮೂರು ವರ್ಷಕ್ಕೆ ಅವೇ ಬೀಳ್ತವೆ. ತಂತಿ ಮೇಲಿರೋ, ಒಣಗಿದ, ಬಿರುಕು ಬಿಟ್ಟ ಕೊಂಬೆಗೆ ಮಾತ್ರ ಗುರುತು ಹಾಕಿ, ಕಂಬದ ನಂಬರ್ ಸಮೇತ ಪಟ್ಟಿ ಕೊಡೋಣ. ಗಾಳಿಯ ಬಲ ಹೇಳೋ ಬ್ಯೂಫೋರ್ಟ್ ಮಾಪನದಲ್ಲಿ ಗಂಟೆಗೆ 62ರಿಂದ 74 ಕಿ.ಮೀ. ಗಾಳಿಗೆ ಸಣ್ಣ ರೆಂಬೆ ಮುರಿಯುತ್ತೆ, 89 ದಾಟಿದರೆ ಮರವೇ ಉರುಳುತ್ತೆ. ಅದಕ್ಕಿಂತ ಕಡಿಮೆ ಗಾಳಿಗೆ ಬುಡಸಮೇತ ಬಿದ್ದಿದ್ರೆ ಬೇರಿನ ಫೋಟೋ ತೆಗೀರಿ. ಕೇಬಲ್, ಚರಂಡಿ ಅಗೆತದಲ್ಲಿ ಬೇರು ಕತ್ತರಿಸಿದ್ದು ಕಾಣುತ್ತೆ. ತಂತಿ ಬಿದ್ದಿದ್ರೆ ನಿಂತ ನೀರಿಗೆ ಕಾಲಿಡದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.

1ನೇ ಕ್ರಾಸ್:
ಮದ್ದೂರು, ಪಾಂಡವಪುರ ಕಡೆ ಜಮೀನು ಇರೋರಿಗೆ: ಫಸಲ್ ಬಿಮಾ ಮಾಡಿಸಿದ ಬೆಳೆಗೆ ಆಲಿಕಲ್ಲು ಹಾನಿಯಾದ್ರೆ 72 ಗಂಟೆಯೊಳಗೆ ತಿಳಿಸಬೇಕು. ಫೋಟೋದಲ್ಲಿ ಸಮಯ, ಸ್ಥಳ ಬೀಳೋ ಹಾಗೆ ಇಟ್ಕೊಳ್ಳಿ.

ಅಡ್ಮಿನ್:
ತುಂಬಾ ಧನ್ಯವಾದ. ಹಾಗಾದ್ರೆ ಕೆಲಸ ಹೀಗೆ. ಮಾಪಕ 1, 3, 4, 5ನೇ ಕ್ರಾಸ್ ಮತ್ತು ಪಾರ್ಕ್ ಬಳಿ. ಫೋಮ್ ಹಲಗೆ ಒಟ್ಟಿಗೆ ತಂದು ಕತ್ತರಿಸಿ ಹಂಚೋಣ, ಪ್ರತಿ ಮಾಪಕಕ್ಕೆ ಮೂರರಂತೆ. ಭಾನುವಾರ ಬೆಳಿಗ್ಗೆ 7ಕ್ಕೆ 3ನೇ ಕ್ರಾಸ್ ಮೋರಿ ಜಾಲರಿ ಬಿಡಿಸೋದು. ಸಲಿಕೆ, ಗಮ್‌ಬೂಟು, ಕೈಗವಸು ಇರೋರು ತನ್ನಿ. ತೆಗೆದ ಹೂಳನ್ನ ಅಂಚಲ್ಲೇ ಗುಡ್ಡೆ ಹಾಕಬೇಡಿ, ಮೊದಲ ಮಳೆಗೆ ವಾಪಸ್ ಒಳಗೇ ಹೋಗುತ್ತೆ. ಚೀಲಕ್ಕೆ ತುಂಬಿಸೋಣ. ಮೋರಿ ಗೋಡೆಗೆ 10 ಸೆಂ.ಮೀ.ಗೊಂದು ಗೆರೆ ಬಣ್ಣದಲ್ಲಿ ಎಳೆಯೋದೂ ಅವತ್ತೇ, ನೀರು ಎಲ್ಲಿವರೆಗೆ ಏರ್ತು ಅಂತ ಮಾಪಕದ ಲೆಕ್ಕದ ಜೊತೆ ಬರೆಯಬಹುದು.

3ನೇ ಕ್ರಾಸ್‌ನಲ್ಲಿ ನಡುವೆ ಜಾಗ ಖಾಲಿ ಇರೋ ತಾರಸಿ ಇನ್ನೂ ಸಿಕ್ಕಿಲ್ಲ. ಕೊಡೋರು ಇವತ್ತು ಸಂಜೆಯೊಳಗೆ ಹೇಳಿ, ಅಲ್ಲಿಯ ಲೆಕ್ಕವೇ ನಮಗೆ ಎಲ್ಲಕ್ಕಿಂತ ಮುಖ್ಯ.