ನೆರೆರಾಜ್ಯದ ಕೋವಿ ಪರವಾನಗಿ ಕಾಡುಹಂದಿ ನಿಯಂತ್ರಣಕ್ಕೆ ಸಲ್ಲುತ್ತದೆಯೇ?

ಪ್ರಶ್ನೆ – ಕಾಸರಗೋಡಿನ ಕೃಷಿಕ

ನಮ್ಮ ತೋಟ ಕಾಸರಗೋಡು ಜಿಲ್ಲೆಯ ಗಡಿಗ್ರಾಮದಲ್ಲಿದೆ. ಕಾಡುಹಂದಿಗಳು ಮರಗೆಣಸನ್ನೂ ಬಾಳೆಯ ಬುಡವನ್ನೂ ಎಳೆಯ ತೆಂಗಿನ ಸಸಿಗಳನ್ನೂ ಅಗೆದು ಹಾಳುಮಾಡುತ್ತಿವೆ. ಪಂಚಾಯತಿನ ಅನುಮತಿ ಸಿಗುವಂತಿದೆಯಾದರೂ ಊರಿನಲ್ಲಿ ಕೋವಿ ಪರವಾನಗಿ ಉಳ್ಳವರು ಯಾರೂ ಇಲ್ಲ. ಪುತ್ತೂರಿನ ಕಡೆ ಇರುವ ನನ್ನ ಭಾವನವರಿಗೆ ಬೆಳೆ ರಕ್ಷಣೆಗೆಂದು ದೊರೆತ ಪರವಾನಗಿ ಇದೆ. ಅವರು ಕೆಲವು ರಾತ್ರಿಗಳ ಮಟ್ಟಿಗೆ ಬಂದು ನೆರವಾಗಬಹುದೇ?

ಉತ್ತರ – ವಕೀಲ, ಮಂಗಳೂರು

ಸದ್ಯಕ್ಕೆ ಅವರನ್ನು ಕೋವಿಯೊಂದಿಗೆ ಕರೆಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ ಬೆಳೆಗೆ ಅಪಾಯಕಾರಿಯಾದ ಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಆದರೆ ಆ ಅನುಮತಿ ಹಂದಿಯ ಕುರಿತಾದದ್ದೇ ಹೊರತು ಕೋವಿಯ ಕುರಿತಾದದ್ದಲ್ಲ. ಕೋವಿಯ ವಿಷಯ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು, ಪರವಾನಗಿಯಲ್ಲಿ ನಮೂದಾದ ಪ್ರದೇಶದ ಹೊರಗೆ ಅದನ್ನು ಒಯ್ಯುವುದು ಅಪರಾಧವಾಗುತ್ತದೆ. ಆದ್ದರಿಂದ ಭಾವನವರು ಮೊದಲು ತಮ್ಮ ಪರವಾನಗಿಯಲ್ಲಿ ಬರೆದಿರುವ ವ್ಯಾಪ್ತಿಯನ್ನು ನೋಡಿಕೊಳ್ಳಲಿ. ಅದು ಜಿಲ್ಲೆಗೋ ರಾಜ್ಯಕ್ಕೋ ಸೀಮಿತವಾಗಿದ್ದರೆ ವ್ಯಾಪ್ತಿ ವಿಸ್ತರಣೆಗಾಗಿ ಪರವಾನಗಿ ನೀಡಿದ ಪ್ರಾಧಿಕಾರಕ್ಕೆ ಕಾರಣಸಹಿತ ಅರ್ಜಿ ಸಲ್ಲಿಸಬೇಕು. ಅವರ ಕೋವಿಯನ್ನು ನೀವು ಎರವಲು ಪಡೆಯುವ ಯೋಚನೆಯನ್ನೂ ದಯವಿಟ್ಟು ಮಾಡಬೇಡಿ. ಪರವಾನಗಿ ಇಲ್ಲದವರು ಪರವಾನಗಿದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಒಪ್ಪಿಗೆಯಿಂದ ಕೋವಿಯನ್ನು ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ ಅಥವಾ ಪರವಾನಗಿದಾರರೇ ಬಳಸುವುದಕ್ಕಾಗಿ ಒಯ್ಯುವುದಕ್ಕಷ್ಟೇ ಕಾನೂನು ವಿನಾಯಿತಿ ಕೊಡುತ್ತದೆ.

ಉತ್ತರ – ಗ್ರಾಮ ಪಂಚಾಯತಿನ ಮಾಜಿ ಸದಸ್ಯೆ

ಪಕ್ಕದ ಪಂಚಾಯತುಗಳ ಪಟ್ಟಿಯಲ್ಲಿರುವ ಪರವಾನಗಿದಾರರನ್ನು ಕಳುಹಿಸಿಕೊಡುವಂತೆ ಲಿಖಿತವಾಗಿ ಕೇಳಿ, ಅದೇ ಹತ್ತಿರದ ದಾರಿ. ತಡವಾಯಿತೆಂದು ವಿಷ, ಸಿಡಿಮದ್ದು ಅಥವಾ ವಿದ್ಯುತ್ ತಂತಿಯ ಮೊರೆಹೋಗಬೇಡಿ. ಕೇರಳದ ಆದೇಶ ಅವನ್ನು ಸ್ಪಷ್ಟವಾಗಿ ನಿಷೇಧಿಸಿದೆ, ಮೇಲಾಗಿ ರಾತ್ರಿ ತೋಟಕ್ಕೆ ಹೋದ ಮನುಷ್ಯರೇ ಅಂತಹ ತಂತಿಗೆ ಬಲಿಯಾಗುತ್ತಾರೆ. ಸತ್ತ ಹಂದಿಯನ್ನು ಹೂಳಬೇಕು, ಮಾಂಸವನ್ನು ಹಂಚಿಕೊಳ್ಳುವಂತಿಲ್ಲ.

ಉತ್ತರ – ಕೊಡಗಿನ ಕಾಫಿ ಬೆಳೆಗಾರ

ನಮ್ಮಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂ ಹಿಡುವಳಿ) ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಹಾಗಿದ್ದರೂ ಹಂದಿಯನ್ನು ಹೊಡೆಯಲು ನಮಗೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಗಡಿಭಾಗದ ಕೃಷಿಕರಿಗಾಗಿ ನೆರೆರಾಜ್ಯದ ಕೋವಿ ಪರವಾನಗಿಗೆ ಸರಳವಾದ ತಾತ್ಕಾಲಿಕ ಮಾನ್ಯತೆ ನೀಡುವ ವ್ಯವಸ್ಥೆ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಪರವಾನಗಿದಾರನಿಗೂ ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇರುವುದರಿಂದ, ಬೆಳೆ ಇರುವ ಜಿಲ್ಲೆಯ ಮ್ಯಾಜಿಸ್ಟ್ರೇಟರು ಅದನ್ನು ಪರಿಶೀಲಿಸಿ, ನಿರ್ದಿಷ್ಟ ಜಮೀನಿಗೆ, ಒಂದು ಹಂಗಾಮಿಗೆ, ಸ್ಥಳೀಯ ಪೊಲೀಸ್ ಠಾಣೆಯ ಗಮನದಲ್ಲಿಟ್ಟು ಹಿಂಬರಹ ಮಾಡಿಕೊಡುವುದು ಅಸಾಧ್ಯವೇನಲ್ಲ. ಪೈರು ಕೊಯ್ಲಿಗೆ ಬಂದ ಮೇಲೆ ಕೈಸೇರುವ ಅನುಮತಿಯಿಂದ ಯಾರಿಗೂ ಪ್ರಯೋಜನವಿಲ್ಲದ ಕಾರಣ, ಅರ್ಜಿಯನ್ನು ಇತ್ಯರ್ಥಪಡಿಸಲು ಗಡುವನ್ನೂ ನಿಯಮದಲ್ಲಿಯೇ ಸೇರಿಸಬೇಕು.