ಸೆಕೆಂಡ್ ಹ್ಯಾಂಡ್ ಆರ್15: ಊರೊಳಗೆ ಬಿಸಿ ಏರುತ್ತದೆ, ಹೈವೇಯಲ್ಲಿ ಏನೂ ಇಲ್ಲ

ಹೊಸ ಸವಾರ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ಹೋದ ತಿಂಗಳು ಹೈದರಾಬಾದ್‌ನಿಂದ ಯಮಹಾ ಆರ್15 ವರ್ಷನ್ 2 ಬೈಕ್ ತಂದಿದ್ದೇನೆ. 2014ರ ಗಾಡಿ, 38 ಸಾವಿರ ಕಿ.ಮೀ. ಓಡಿದೆ. ಕಾಲೇಜಿನ ದಿನಗಳಿಂದ ಇದರ ಮೇಲೆ ಕಣ್ಣಿತ್ತು, ಈಗ ಕೈಗೆ ಬಂದಿದೆ.

ಸಮಸ್ಯೆ ಇದು. ಮಧ್ಯಾಹ್ನ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಹೊರಟರೆ ಹತ್ತು ನಿಮಿಷದೊಳಗೆ ಟೆಂಪರೇಚರ್ ದೀಪ ಹೊತ್ತಿಕೊಳ್ಳುತ್ತದೆ. ಕಾಲಿಗೆ ಬಿಸಿ ಗಾಳಿ ಹೊಡೆಯುತ್ತದೆ. ಅದೇ ಗಾಡಿ ಹೈವೇಯಲ್ಲಿ ಹುಮನಾಬಾದ್ ತನಕ ಹೋಗಿ ಬಂದರೂ ದೀಪ ಬರಲಿಲ್ಲ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಡಬ್ಬಿಯಲ್ಲಿ ಮಟ್ಟ ಸರಿಯಾಗಿದೆ, ಆದರೆ ಬಣ್ಣವೇ ಇಲ್ಲ, ಮಜ್ಜಿಗೆ ನೀರಿನ ಹಾಗೆ ಕಾಣುತ್ತದೆ.

ಹಳೆಯ ಮಾಲೀಕರು ಹಿಂದಿನ ಚಕ್ರಕ್ಕೆ 150ರ, ಅಂದರೆ 150 ಮಿ.ಮೀ. ಅಗಲದ, ದಪ್ಪ ಟೈರ್ ಹಾಕಿಸಿದ್ದಾರೆ. ಚೈನ್ ಕರಕರ ಅನ್ನುತ್ತದೆ. ನನ್ನ ಹತ್ತಿರ 15 ಸಾವಿರ ರೂಪಾಯಿ ಇದೆ. ಹೊಸ ಸೈಲೆನ್ಸರ್ ಮತ್ತು ಫ್ರೀ ಫ್ಲೋ (ಹೆಚ್ಚು ಗಾಳಿ ಬಿಡುವ) ಏರ್ ಫಿಲ್ಟರ್ ಹಾಕಿಸೋಣ ಅಂತಿದ್ದೆ. ಮೊದಲು ಯಾವುದು ಮಾಡಲಿ?

ರಿಂಗ್ ರೋಡ್

ತಮ್ಮಾ, ಸೈಲೆನ್ಸರ್ ಸದ್ಯಕ್ಕೆ ಬಿಡು. ಊರೊಳಗೆ ಬಿಸಿ, ಹೈವೇಯಲ್ಲಿ ತಣ್ಣಗೆ ಅಂದರೆ ಅರ್ಧ ಉತ್ತರ ಸಿಕ್ಕ ಹಾಗೇ. ಓಡುವಾಗ ಎದುರು ಗಾಳಿಯೇ ರೇಡಿಯೇಟರ್, ಅಂದರೆ ಕೂಲೆಂಟ್ ಹರಿಯುವ ಮುಂದಿನ ಜಾಲರಿ ಪೆಟ್ಟಿಗೆ, ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನ್‌ದು. ಎರಡೂ ಕಡೆ ಬಿಸಿಯಾಗಿದ್ದರೆ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟ್‌ಗೆ ದಾರಿ ತೆರೆಯುವ ವಾಲ್ವ್), ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಸೀಲ್) ಅಂತ ಹುಡುಕಬೇಕಿತ್ತು.

ಮೂರು ವಿಷಯ ನೋಡಿ ಹೇಳು. ದೀಪ ಬಂದಾಗ ಫ್ಯಾನ್ ತಿರುಗುತ್ತಾ? ರೇಡಿಯೇಟರ್ ಸಂದಿಯಲ್ಲಿ ಮಣ್ಣು ಕೂತಿದೆಯಾ? ಇಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯಾ? ಕೂಲೆಂಟ್ ಒಳಗೆ ಸೇರಿದರೆ ಹಾಗಾಗುತ್ತದೆ.

ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡ. ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ದೀಪ ಬಂದರೆ ನೆರಳಿಗೆ ನಿಲ್ಲಿಸು, ಇಂಜಿನ್ ಆಫ್ ಮಾಡು, ತಣಿಯುವ ತನಕ ಕಾಯಿ. ಮೇಲೆ ತಣ್ಣೀರು ಸುರಿಯಬೇಡ.

ಹೊಸ ಸವಾರ

ನೋಡಿದೆ ಅಣ್ಣಾ. ಆಯಿಲ್ ಕಪ್ಪಗಿದೆ, ಹಾಲಿನ ಬಣ್ಣ ಇಲ್ಲ. ಫ್ಯಾನ್ ತಿರುಗುತ್ತಿಲ್ಲ. ರೇಡಿಯೇಟರ್ ಕೆಳಗಿನ ಅರ್ಧ ಎರೆಮಣ್ಣಿನಿಂದ ಮೆತ್ತಿಹೋಗಿದೆ. ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ ಬರೀ ಬೋರ್ ನೀರು ಹಾಕುತ್ತಿದ್ದರಂತೆ.

ರಿಂಗ್ ರೋಡ್

ಆಯಿಲ್ ಹಾಲಾಗಿಲ್ಲ ಅಂದರೆ ದೊಡ್ಡ ಭಯ ಕಡಿಮೆ. ಆದರೆ ಆ ಬೋರ್ ನೀರು ಕೆಟ್ಟದ್ದು, ಇದನ್ನ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಗಡಸು ನೀರು ಕಾದರೆ ಸುಣ್ಣ ಬಿಡುತ್ತದೆ. ನಮ್ಮ ಊರಿನ ಬೋರ್ ನೀರನ್ನೂ ಹಾಕಬೇಡ, ಈ ಜಿಲ್ಲೆಯಲ್ಲಿ ಬಹಳ ಕಡೆ ನೆಲದ ಕೆಳಗೆ ಸುಣ್ಣಕಲ್ಲು. ಶಹಾಬಾದ್ ಫರ್ಸಿ ಬರುವುದು, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಎದ್ದಿರುವುದು ಇದೇ ಕಲ್ಲಿನಿಂದ. ಮನೆಯ ಗೀಸರ್ ಕಾಯಿಲ್ ಹೇಗೆ ಬಿಳಿ ಹಿಡಿಯುತ್ತದೋ, ರೇಡಿಯೇಟರ್‌ನ ಸಣ್ಣ ಕೊಳವೆಗಳ ಒಳಗೂ ಹಾಗೇ ಹಿಡಿಯುತ್ತದೆ. ಆಮೇಲೆ ಬಿಸಿ ಹೊರಗೆ ಹೋಗುವುದಿಲ್ಲ. ಬರೀ ನೀರಿಗೆ ತುಕ್ಕು ತಡೆಯುವ ಗುಣವೂ ಇಲ್ಲ. ಅರ್ಧ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ವಾಟರ್ ಇರುವ ಕೂಲೆಂಟ್ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ದಾಟುವ ಊರಲ್ಲಿ ಆ ಅಂತರ ನಮಗೆ ಬೇಕೇ ಬೇಕು.

ಮೊದಲು ಫ್ಯಾನ್. ಅದರ ಕನೆಕ್ಟರ್ ಬಿಚ್ಚಿ, ಫ್ಯಾನ್ ಕಡೆಯ ಎರಡು ವೈರ್‌ಗೆ ನೇರ ಬ್ಯಾಟರಿಯಿಂದ 12 ವೋಲ್ಟ್ ಕೊಡು. ಬೆರಳು ದೂರ ಇರಲಿ. ತಿರುಗಿದರೆ ಮೋಟಾರ್ ಸರಿ, ತಪ್ಪು ಫ್ಯೂಸ್, ರಿಲೇ, ಸೆನ್ಸರ್ ಅಥವಾ ಕನೆಕ್ಟರ್‌ನಲ್ಲಿದೆ. ತಿರುಗದಿದ್ದರೆ ಮೋಟಾರೇ ಹೋಗಿದೆ.

ಆಮೇಲೆ ರೇಡಿಯೇಟರ್. ಫೇರಿಂಗ್ (ಪಕ್ಕದ ಪ್ಲಾಸ್ಟಿಕ್ ಹೊದಿಕೆ) ಬಿಚ್ಚು. ಬೋಲ್ಟ್ ಒಂದೊಂದು ಉದ್ದ ಇರುತ್ತವೆ, ಬಿಚ್ಚಿದ ಜಾಗದ ಫೋಟೋ ತೆಗೆದುಕೋ. ಎರೆಮಣ್ಣನ್ನು ಒಣಗಿದ್ದಾಗ ಕೆರೆಯಬೇಡ, ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡು. ಸಾದಾ ಪೈಪ್‌ನಿಂದ ಹಿಂದಿನಿಂದ ಮುಂದಕ್ಕೆ ನೀರು ಬಿಡು. ವಾಷಿಂಗ್ ಸೆಂಟರ್‌ನ ಪ್ರೆಶರ್ ಗನ್ ಬೇಡ, ಅಲ್ಯೂಮಿನಿಯಂ ಎಲೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಒಳಗಿನ ತೊಳೆಯುವಿಕೆಗೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ವಾಟರ್ ಪಂಪ್‌ನ ಡ್ರೈನ್ ಬೋಲ್ಟ್ ತೆಗೆದು ಹಳೆಯದನ್ನು ಬಕೆಟ್‌ಗೆ ಇಳಿಸು. ಡಿಸ್ಟಿಲ್ಡ್ ವಾಟರ್ ತುಂಬಿ ಇಂಜಿನ್ ಓಡಿಸು. ರೇಡಿಯೇಟರ್‌ನ ಮೇಲಿನ ರಬ್ಬರ್ ಪೈಪ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ ಅರ್ಥ. ತಣಿಸಿ ಮತ್ತೆ ಇಳಿಸು. ನೀರು ತಿಳಿಯಾಗಿ ಬರುವ ತನಕ ಮೂರು ನಾಲ್ಕು ಸಲ ಬೇಕಾಗಬಹುದು. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವಾಗ ಕ್ಯಾನ್ ಮೇಲೆ ಓದಿ ನೋಡು, ಆ್ಯಸಿಡ್ ಕ್ಯಾನ್ ಕೂಡ ಪಕ್ಕದಲ್ಲೇ ಇರುತ್ತದೆ. ಸುಣ್ಣ ಬಿಡಿಸಲು ಟಾಯ್ಲೆಟ್ ಆ್ಯಸಿಡ್ ಹಾಕಿ ಅಂತ ಯಾರೇ ಹೇಳಿದರೂ ಕೇಳಬೇಡ, ಅಲ್ಯೂಮಿನಿಯಂ ತಿಂದುಬಿಡುತ್ತದೆ.

ಕೊನೆಗೆ ರೆಡಿ ಮಿಕ್ಸ್ ಕೂಲೆಂಟ್ ನಿಧಾನವಾಗಿ ತುಂಬು. ಮುಚ್ಚಳ ತೆಗೆದಿಟ್ಟು ಇಂಜಿನ್ ಓಡಿಸಿ, ಗಾಡಿಯನ್ನು ಎಡಕ್ಕೆ ಬಲಕ್ಕೆ ವಾಲಿಸು. ಗುಳ್ಳೆ ನಿಂತ ಮೇಲೆ ಮುಚ್ಚು. ಡ್ರೈನ್ ಬೋಲ್ಟ್‌ಗೆ ಹೊಸ ತಾಮ್ರದ ವಾಷರ್ ಹಾಕು.

ಇನ್ನು ಮುಂದೆ ಹಳೆಯ ಕೂಲೆಂಟ್ ಇಳಿಸಿದಾಗ ಮೋರಿಗೆ ಚೆಲ್ಲಬೇಡ. ಅದು ಸಿಹಿ ವಿಷ. ಓಣಿಯ ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಇದನ್ನ ದಯವಿಟ್ಟು ಮರೆಯಬೇಡ.

ಯಾದಗಿರಿ 33

ಟೈರ್ ಬಗ್ಗೆ ನಾನು ಹೇಳುತ್ತೇನೆ. ಈ ಗಾಡಿಗೆ ಕಂಪನಿ ಕೊಟ್ಟಿದ್ದು ಮುಂದೆ 90/80-17, ಹಿಂದೆ 130/70-17 ರೇಡಿಯಲ್. ಆ ರಿಮ್‌ಗೆ 150 ಹಾಕಿದರೆ ಟೈರ್‌ನ ಅಂಚು ಒಳಗೆ ಚಿವುಟಿದಂತಾಗಿ ಆಕಾರ ಕೆಡುತ್ತದೆ. ತಿರುವಿನಲ್ಲಿ ಗಾಡಿ ವಾಲಲು ಹಟ ಮಾಡುತ್ತದೆ. ನಿಮ್ಮ ಚೈನ್ ಸದ್ದೂ ಅದರಿಂದಲೇ ಇರಬಹುದು, ಟೈರ್ ಪಕ್ಕದಲ್ಲಿ ಚೈನ್ ಉಜ್ಜಿದ ಗುರುತು ಇದೆಯಾ ನೋಡಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ.

ಟೈರ್ ಮೇಲೆ ನಾಲ್ಕು ಅಂಕಿ ಹುಡುಕಿ. 2317 ಅಂದರೆ 2017ರ 23ನೇ ವಾರದಲ್ಲಿ ತಯಾರಾಗಿದ್ದು. ಗೆರೆ ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ರಬ್ಬರ್ ನಮ್ಮ ಬಿಸಿಲಿಗೆ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಫ್ರೀ ಫ್ಲೋ ಫಿಲ್ಟರ್ ಬೇಡ. ತೊಗರಿ ಹೊಲದ ದಾರಿಯ ಧೂಳು, ಲಾರಿ ಎಬ್ಬಿಸುವ ಕಲ್ಲಿನ ಪುಡಿ ಎಲ್ಲಾ ಒಳಗೆ ಹೋಗಿ ಪಿಸ್ಟನ್ ರಿಂಗ್ ಸವೆಸುತ್ತದೆ. ಕಂಪನಿ ಫಿಲ್ಟರನ್ನೇ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಆಯಿಲ್ 10ಡಬ್ಲ್ಯೂ-40, ಡಬ್ಬಿ ಮೇಲೆ ಜೆಎಎಸ್ಒ ಎಂಎ ಅಥವಾ ಎಂಎ2 (ಬೈಕ್ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವ ಗುರುತು) ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಹೈದರಾಬಾದ್ ಗಾಡಿ ಅಂದಿರಿ. ಅಲ್ಲಿನ ಆರ್‌ಟಿಒದ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಅಂದರೆ ಫಾರ್ಮ್ 28, ತಂದಿದ್ದೀರಲ್ವಾ? ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಹಳೆಯ ಮಾಲೀಕರ ಸಹಿ ಬೇಕು. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಬರಲಿ.

ಹೊಸ ಸವಾರ

ಕಾಗದ ಎಲ್ಲಾ ಇದೆ, ಆರ್‌ಟಿಒದಲ್ಲಿ ಕೊಟ್ಟಿದ್ದೇನೆ.

ಭಾನುವಾರ ಇಡೀ ದಿನ ಕೂತು ಮಾಡಿದೆ. ಬ್ಯಾಟರಿಯಿಂದ ನೇರ ಕೊಟ್ಟ ತಕ್ಷಣ ಫ್ಯಾನ್ ತಿರುಗಿತು, ಎಷ್ಟು ಖುಷಿಯಾಯಿತು ಗೊತ್ತಾ! ಫ್ಯೂಸ್ ಸರಿ ಇತ್ತು. ಕನೆಕ್ಟರ್ ಒಳಗೆ ಒಂದು ಪಿನ್ ಹಸಿರು ಹಿಡಿದು ಮುರಿದಿತ್ತು. ಹೊಸ ಕನೆಕ್ಟರ್ ಹಾಕಿಸಿದೆ, ಖರ್ಚು 120 ರೂಪಾಯಿ. ನಾಲ್ಕನೇ ಸಲ ತೊಳೆದಾಗ ನೀರು ತಿಳಿಯಾಯಿತು. ಮೊದಲ ಸಲ ಬಂದ ಬಿಳಿ ಗಸಿ ಬಕೆಟ್ ತಳದಲ್ಲಿ ಕೂತಿತ್ತು.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಬಸ್ ಸ್ಟ್ಯಾಂಡ್‌ನಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಜಗತ್ ತನಕ ಬೇಕಂತಲೇ ಟ್ರಾಫಿಕ್‌ನಲ್ಲಿ ಹೋದೆ. ಫ್ಯಾನ್ ಎರಡು ಸಲ ಆನ್ ಆಗಿ ತಾನೇ ಆಫ್ ಆಯಿತು. ದೀಪ ಬರಲೇ ಇಲ್ಲ. ಗಾಡಿ ತಣಿದ ಮೇಲೆ ನೋಡಿದರೆ ಡಬ್ಬಿಯಲ್ಲಿ ಕೂಲೆಂಟ್ ಸ್ವಲ್ಪ ಇಳಿದಿದೆ. ಇದು ಲೀಕಾ?

ರಿಂಗ್ ರೋಡ್

ಶಾಬಾಸ್ ತಮ್ಮಾ. ಒಳಗೆ ಉಳಿದಿದ್ದ ಗಾಳಿ ಹೊರಬಂದಾಗ ಮೊದಲ ಸಲ ಹಾಗೆ ಇಳಿಯುತ್ತದೆ. ಮೇಲಿನ ಗೆರೆ ತನಕ ತುಂಬು, ಒಂದು ವಾರ ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲು ನೋಡು. ಮತ್ತೆ ಮತ್ತೆ ಇಳಿದರೆ ವಾಟರ್ ಪಂಪ್ ಕೆಳಗಿನ ಸಣ್ಣ ತೂತಿಗೆ ಕೈ ಹಚ್ಚಿ ನೋಡು. ಒದ್ದೆ ಇದ್ದರೆ ಸೀಲ್ ಹೋಗಿದೆ.

ಹೊಸ ಸವಾರ

ಎಂಟು ದಿನ ಆಯಿತು ಅಣ್ಣಾ, ಮಟ್ಟ ಗೆರೆಯಲ್ಲೇ ಇದೆ, ತೂತು ಒಣಗಿದೆ. ಚೈನ್ ಉಜ್ಜಿದ ಗುರುತು ಟೈರ್ ಮೇಲೆ ಇತ್ತು, ಯಾದಗಿರಿ ಅಣ್ಣ ಹೇಳಿದ ಹಾಗೇ. ಸೈಲೆನ್ಸರ್ ದುಡ್ಡಲ್ಲಿ 130ರ ಟೈರ್, ಚೈನ್ ಸೆಟ್, ರೇಡಿಯೇಟರ್ ಮುಂದೆ ಹಾಕುವ ಜಾಲರಿ ಆರ್ಡರ್ ಮಾಡಿದ್ದೇನೆ. ಟೈರ್ ಬಂದ ಮೇಲೆ ಬೀದರ್ ಕೋಟೆ ತನಕ ಹೋಗಿ ಬಂದು ಇಲ್ಲೇ ಬರೆಯುತ್ತೇನೆ.