ಟ್ಯಾಂಕ್ ಇಲ್ಲದ ಹಳೇ ಬಿಎಸ್ಎ, ಯಾವ ಮಾಡೆಲ್?

ಪ್ರಶ್ನೆ: ಚಿಕ್ಕಮಗಳೂರು ಕಡೆ ಎಸ್ಟೇಟ್ ಶೆಡ್‌ನಲ್ಲಿ ಬಿಎಸ್ಎ (ಬ್ರಿಟಿಷ್ ಕಂಪನಿ) ಬೈಕ್ ಸಿಕ್ಕಿದೆ. ಟ್ಯಾಂಕ್ ಇಲ್ಲ, ಮುಂದೆ ಗರ್ಡರ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಸ್ಪ್ರಿಂಗ್ ಇರುವ ಹಳೇ ಕಾಲದ ಚೌಕಟ್ಟು). ಇಂಜಿನ್ ನಂಬರ್ ಡಬ್ಲ್ಯೂಎಂ20 ಅಂತ ಶುರುವಾಗುತ್ತದೆ, ಆದರೆ ಫ್ರೇಮ್ ನಂಬರ್ ಬೇರೆ. ತಗೊಳ್ಳಬಹುದಾ?

ಉತ್ತರ: ಎಂ20 ಇರಬೇಕು ಸಾರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಅಂತ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ 496 ಸಿಸಿ ಗಾಡಿ. ಸೈಡ್ ವಾಲ್ವ್, ಅಂದರೆ ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುತ್ತವೆ; ಆದ್ದರಿಂದ ಇಂಜಿನ್ ಹೆಡ್ ಮೇಲೆ ರಾಕರ್ ಬಾಕ್ಸ್ (ಮೇಲಿನ ವಾಲ್ವ್ ಒತ್ತುವ ಸನ್ನೆಗಳ ಡಬ್ಬಿ) ಇರಬಾರದು, ಅದೊಂದು ನೋಡಿ. ನಂಬರ್ ಬೇರೆ ಅಂತ ಗಾಬರಿ ಬೇಡ, ಫ್ಯಾಕ್ಟರಿಯಿಂದಲೇ ಎರಡೂ ಬೇರೆ ಬೇರೆ ಬರುತ್ತಿದ್ದವು.

ಇನ್ನೊಂದು ಉತ್ತರ: ಎರಡೂ ನಂಬರ್ ಒಂದೇ ಆಗಿದ್ದರೇನೇ ಅನುಮಾನ, ಯಾರೋ ಹೊಸದಾಗಿ ನಂಬರ್ ಪಂಚ್ ಹೊಡೆದಿರುತ್ತಾರೆ! ಆರ್‌ಸಿ ಇದೆಯಾ?

ಪ್ರಶ್ನೆ ಕೇಳಿದವರು: ಇದೆ, ತೀರಿಕೊಂಡ ಮಾಲೀಕರ ಹೆಸರಲ್ಲಿ.

ಉತ್ತರ: ಹಾಗಾದ್ರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಲಿ, ಆಮೇಲೆ ದುಡ್ಡಿನ ಮಾತು.